ಕನೋಸಾದ ಚಿತ್ರದಲ್ಲಿ ಪೋಪ್ ಎಲ್ಲಿ?

(ಇತಿಹಾಸ ಎಂ.ಎ. ಬ್ಯಾಚಿನ ಗುಂಪು. ರಘು ಹಾಕಿದ ಫಾರ್ವರ್ಡ್: ಮಂಡಿಯೂರಿದ ಅರಸನ ಹಳೇ ಚಿತ್ರ. ಕೆಳಗೆ ಬರಹ: "1077, ಕನೋಸಾ. ಪೋಪ್ ಏಳನೇ ಗ್ರೆಗೊರಿಯ ಕಾಲಿಗೆ ಬಿದ್ದ ಚಕ್ರವರ್ತಿ ನಾಲ್ಕನೇ ಹೆನ್ರಿ. ಅಂದೇ ಚರ್ಚು ಗೆದ್ದಿತು.")

ಮಂಜುಳಾ: ಚಿತ್ರ ಝೂಮ್ ಮಾಡಿ ನೋಡೋ ರಘು. ಪೋಪ್ ಎಲ್ಲಿದ್ದಾರೆ?

ರಘು: ಎಡಗಡೆ ದಂಡ ಹಿಡಿದು ಕೂತಿರೋರು ಯಾರು ಮತ್ತೆ?

ಮಂಜುಳಾ: ಅದು ಕ್ಲೂನಿ ಮಠದ ಅಬಟ್ (ಮಠಾಧಿಪತಿ) ಹ್ಯೂ, ಹೆನ್ರಿಯ ಜ್ಞಾನಸ್ನಾನದಲ್ಲಿ ಗಾಡ್‌ಫಾದರ್ ಆಗಿ ನಿಂತವರು. ಬಲಗಡೆ ಕೂತವಳು ಮಟಿಲ್ಡಾ, ಇಟಲಿಯ ಕನೋಸಾ ಕೋಟೆಯ ಒಡತಿ. ಕೆಳಗಿನ ಲ್ಯಾಟಿನ್ ಸಾಲು ಹೇಳೋದೂ ಅದನ್ನೇ: ರಾಜ ಅಬಟನ್ನು ಕೇಳಿಕೊಳ್ಳುತ್ತಿದ್ದಾನೆ, ಮಟಿಲ್ಡಾಳನ್ನು ಬೇಡುತ್ತಿದ್ದಾನೆ. ದೋನಿಝೋ ಎಂಬ ಸನ್ಯಾಸಿ ಅವಳ ಬಗ್ಗೆ ಬರೆದ ಕಾವ್ಯದ ಹಸ್ತಪ್ರತಿ, 1115ರ ಆಸುಪಾಸಿನದು. ಪೋಪ್ ಹತ್ತಿರ ಶಿಫಾರಸು ಮಾಡಿ ಅಂತ ಕೇಳೋ ದೃಶ್ಯ ಕಣೋ ಅದು.

ಫೆಲಿಕ್ಸ್: "ಚಕ್ರವರ್ತಿ" ಅನ್ನೋದೂ ತಪ್ಪು ಮಾರಾಯ. 1077ರಲ್ಲಿ ಅವ ಬರೀ ಜರ್ಮನಿಯ ರಾಜ. ಚಕ್ರವರ್ತಿಯ ಕಿರೀಟ ಸಿಕ್ಕಿದ್ದು 1084ರ ಈಸ್ಟರಿಗೆ, ಅದೂ ತಾನೇ ನಿಲ್ಲಿಸಿದ ಎದುರು ಪೋಪ್ ಕ್ಲೆಮೆಂಟನ ಕೈಯಿಂದ.

ರಘು: ಸರಿ, ಮೂರು ದಿನ ಬರಿಗಾಲಲ್ಲಿ ನಿಂತಿದ್ದು ಸುಳ್ಳಾ?

ಮಂಜುಳಾ: ಅಲ್ಲ. ಗ್ರೆಗೊರಿಯೇ ಜರ್ಮನ್ ಸಾಮಂತರಿಗೆ ಪತ್ರ ಬರೆದಿದ್ದಾರೆ: ಮೂರು ದಿನ, ಕೋಟೆ ಬಾಗಿಲ ಮುಂದೆ, ಬರಿಗಾಲು, ಉಣ್ಣೆ ಬಟ್ಟೆ. ಸುತ್ತಲಿನವರು ತನ್ನನ್ನೇ ಕ್ರೂರಿ ಅಂದರು ಅಂತಲೂ ಒಪ್ಪಿಕೊಂಡಿದ್ದಾರೆ. ಆ ಪತ್ರ ಸಮಜಾಯಿಷಿ, ವಿಜಯೋತ್ಸವದ್ದಲ್ಲ. ಯಾಕೆ ಗೊತ್ತಾ? 1076ರ ಫೆಬ್ರವರಿಯಲ್ಲಿ ಪೋಪ್ ಹೆನ್ರಿಯನ್ನ ಚರ್ಚಿನಿಂದ ಬಹಿಷ್ಕರಿಸಿದ್ದರು. ಅಕ್ಟೋಬರಿನಲ್ಲಿ ಟ್ರೀಬೂರಿನಲ್ಲಿ ಸೇರಿದ ಸಾಮಂತರು ಬಹಿಷ್ಕಾರ ಬಿದ್ದ ದಿನದಿಂದ ವರ್ಷದ ಗಡುವು ಹಾಕಿದ್ದರು. ಅಷ್ಟರೊಳಗೆ ಬಹಿಷ್ಕಾರ ತೆಗೆಸಿಕೊಳ್ಳದಿದ್ದರೆ ಇವನು ನಮ್ಮ ರಾಜನಲ್ಲ. ಫೆಬ್ರವರಿಯಲ್ಲಿ ಔಗ್ಸ್‌ಬುರ್ಗಿನಲ್ಲಿ ಪೋಪ್ ಎದುರೇ ವಿಚಾರಣೆ. ಪೋಪ್ ಅಲ್ಲಿಗೆ ಹೊರಟಿದ್ದಾಗಲೇ ಹೆನ್ರಿ ಚಳಿಗಾಲದಲ್ಲಿ ಆಲ್ಪ್ಸ್ ದಾಟಿ ಬಂದು ದಾರಿಯಲ್ಲೇ ಹಿಡಿದ. ಪಶ್ಚಾತ್ತಾಪಪಟ್ಟು ಬಂದವನಿಗೆ ಪಾದ್ರಿ ಕ್ಷಮೆ ನಿರಾಕರಿಸೋ ಹಾಗಿಲ್ಲ. ಜನವರಿ 28ಕ್ಕೆ ಬಹಿಷ್ಕಾರ ಹೋಯಿತು, ಔಗ್ಸ್‌ಬುರ್ಗ್ ಸಭೆ ನಡೆಯಲೇ ಇಲ್ಲ.

ಪ್ರಸನ್ನ: ಇದು ಹೆನ್ರಿ ಪರ ವಕಾಲತ್ತಾಯ್ತು. ಮಾರ್ಚಿನಲ್ಲೇ ಸಾಮಂತರು ತಮ್ಮಲ್ಲೊಬ್ಬನಾದ ರುಡಾಲ್ಫನನ್ನ ರಾಜ ಅಂತ ಆರಿಸಿಬಿಟ್ಟರಲ್ಲ? ಮಂಡಿಯೂರಿ ಏನು ಸಿಕ್ತು? ಅರಸನ ಪಟ್ಟವನ್ನ ಪೋಪ್ ಅಮಾನತು ಮಾಡಬಹುದು ಅಂತ ಅವನೇ ಒಪ್ಪಿಕೊಂಡ ಹಾಗಾಯ್ತು, ಅಷ್ಟೇ. ಬಿಷಪ್ಪರ ನೇಮಕದ ಹಕ್ಕು ಅಲ್ಲಿಗೇ ಹೋಯ್ತು.

ಮಂಜುಳಾ: ಮೊದಲ ಮಾತು ಒಪ್ಪಿದೆ. ಎರಡನೇದು ಇಲ್ಲ. ಕನೋಸಾದಲ್ಲಿ ಹೆನ್ರಿ ಕೊಟ್ಟ ಪ್ರಮಾಣದಲ್ಲಿ ಬಿಷಪ್ ನೇಮಕದ ಸುದ್ದಿಯೇ ಇಲ್ಲ. ಸಾಮಂತರ ದೂರಿಗೆ ಪೋಪ್ ಹೇಳಿದಂತೆ ನಡೆಯುತ್ತೇನೆ, ಪೋಪ್ ಪ್ರಯಾಣಕ್ಕೆ ಅಡ್ಡಿ ಮಾಡುವುದಿಲ್ಲ, ಇಷ್ಟೇ. ರಾಜನ ಕೈಯಿಂದ ಬಿಷಪ್ ಪದವಿ ತಗೋಬಾರದು ಅನ್ನೋ ನಿಷೇಧದ ಸ್ಪಷ್ಟ ಪಠ್ಯ ಸಿಗೋದು 1078ರ ನವೆಂಬರಿನ ಚರ್ಚ್ ಸಭೆಯದ್ದು.

ರಘು: ಬಿಷಪ್ ಪದವಿಯ ಗುರುತು ಅಂತ ಒಂದು ಉಂಗುರ, ಒಂದು ಕೋಲು ಯಾರು ಕೊಟ್ಟರೇನು? ಅದಕ್ಕೆ ಐವತ್ತು ವರ್ಷ ಜಗಳವಾ?

ಫೆಲಿಕ್ಸ್: ಕೋಲಿನ ಹಿಂದೆ ಏನಿತ್ತು ನೋಡು. 981ರಲ್ಲಿ ಚಕ್ರವರ್ತಿ ಎರಡನೇ ಒಟ್ಟೊ ಇಟಲಿಗೆ ಸೈನ್ಯ ಕರೆಸಿದ ಪಟ್ಟಿ ಉಳಿದಿದೆ. ಸುಮಾರು 2000 ಕವಚದ ಸವಾರರು, ಅರ್ಧಕ್ಕಿಂತ ಹೆಚ್ಚು ಮಂದಿ ಬಿಷಪ್ಪರು, ಅಬಟರು ಕಳಿಸಬೇಕಾದವರು. ಮೈಂಟ್ಸಿನ ಆರ್ಚ್‌ಬಿಷಪ್ 100, ಕೊಲೋನಿನವರು 100. ಸುಂಕ, ಟಂಕಸಾಲೆ, ಸಂತೆ, ಕೌಂಟಿಗಳ ಆಡಳಿತ ಎಲ್ಲ ಅವರ ಕೈಲಿ. ಸಾಮಂತ ಸತ್ತರೆ ಮಗ ಹಕ್ಕು ಕೇಳ್ತಾನೆ. ಬಿಷಪ್ ಸತ್ತರೆ ಕೇಳಲು ವಾರಸುದಾರ ಮಗನಿಲ್ಲ, ಉಂಬಳಿ ಮತ್ತೆ ರಾಜನ ಕೈಗೆ. ಅದನ್ನ ಯಾವ ರಾಜ ಬಿಡ್ತಾನೆ?

ಪ್ರಸನ್ನ: ಹಾಗಾದ್ರೆ ಉಂಬಳಿ ವಾಪಸ್ ಕೊಟ್ಟು ಪದವಿ ಇಟ್ಕೊಳ್ಳಲಿ. ಮುಗೀತಲ್ಲ.

ಮಂಜುಳಾ: ಪೋಪ್ ಎರಡನೇ ಪಾಸ್ಕಲ್ ಅದನ್ನೇ ಮಾಡಲು ಹೋದರು! 1111ರ ಫೆಬ್ರವರಿ 12, ಸಂತ ಪೀಟರ್ ಚರ್ಚಿನಲ್ಲಿ ನಾಲ್ಕನೇ ಹೆನ್ರಿಯ ಮಗ ಐದನೇ ಹೆನ್ರಿಯ ಪಟ್ಟಾಭಿಷೇಕ. ಒಪ್ಪಂದ ಓದಿದರು: ಬಿಷಪ್ಪರು ರಾಜ್ಯದಿಂದ ಬಂದದ್ದನ್ನೆಲ್ಲ ಹಿಂತಿರುಗಿಸಬೇಕು, ರಾಜ ನೇಮಕ ಬಿಡಬೇಕು. ಓದಿ ಮುಗಿಯೋದೇ ತಡ, ಗಲಾಟೆ ಎದ್ದಿತು, ಮುಂದೆ ನಿಂತವರು ಬಿಷಪ್ಪರೇ. ಪಟ್ಟಾಭಿಷೇಕ ನಿಂತುಹೋಯ್ತು, ಹೆನ್ರಿ ಪೋಪರನ್ನೇ ಸೆರೆ ಹಿಡಿದ. ಏಪ್ರಿಲ್‌ನಲ್ಲಿ ಉಂಗುರ-ಕೋಲಿನ ಹಕ್ಕು ಬರೆಸಿಕೊಂಡು, ಕಿರೀಟವನ್ನೂ ಇಡಿಸಿಕೊಂಡ. ಮರುವರ್ಷ ರೋಮಿನ ಲ್ಯಾಟರನ್‌ನಲ್ಲಿ ಸೇರಿದ ಚರ್ಚ್ ಸಭೆ ಆ ಬರಹವನ್ನ ರದ್ದು ಮಾಡಿತು.

ಪ್ರಸನ್ನ: 1122ರಲ್ಲಂತೂ ಚರ್ಚೇ ಗೆದ್ದಿತಲ್ಲ, ಉಂಗುರ ಕೋಲು ಎರಡೂ ರಾಜ ಬಿಟ್ಟ.

ಫೆಲಿಕ್ಸ್: ಬಿಟ್ಟ, ಬದಲಿಗೆ ರಾಜದಂಡ ಹಿಡಿದ. ಆ ವರ್ಷ ಪೋಪ್, ರಾಜ ಮಾಡಿಕೊಂಡ ವರ್ಮ್ಸ್ ಒಪ್ಪಂದ ಸರಿಯಾಗಿ ಓದು. ಜರ್ಮನಿಯಲ್ಲಿ ಬಿಷಪ್ ಆಯ್ಕೆ ರಾಜನ ಸಮ್ಮುಖದಲ್ಲಿ, ಆಮೇಲೆ ರಾಜ ದಂಡ ಮುಟ್ಟಿಸಿ ಉಂಬಳಿ ಕೊಡಬೇಕು, ಚರ್ಚು ಕೊಡೋ ಬಿಷಪ್ ದೀಕ್ಷೆ ಕೊನೆಗೆ. ಅಂದರೆ ರಾಜ ಒಲ್ಲೆ ಎಂದರೆ ದೀಕ್ಷೆಯವರೆಗೆ ಹೋಗೋದೇ ಕಷ್ಟ. ಇಟಲಿ, ಬರ್ಗಂಡಿಯಲ್ಲಿ ತಿರುಗುಮುರುಗು: ಮೊದಲು ದೀಕ್ಷೆ, ಆರು ತಿಂಗಳೊಳಗೆ ದಂಡ. ಅಷ್ಟು ಹೊತ್ತಿಗೆ ಅವ ಬಿಷಪ್ ಆಗಿಬಿಟ್ಟಿರ್ತಾನೆ, ರಾಜ ಏನು ಮಾಡ್ಲಿಕ್ಕಾಗ್ತದೆ?

ರಘು: ಅಂದ್ರೆ ಜರ್ಮನಿಯಲ್ಲಿ ರಾಜ, ಇಟಲಿಯಲ್ಲಿ ಪೋಪ್.

ಮಂಜುಳಾ: ಹೆಚ್ಚುಕಮ್ಮಿ ಹಾಗೇ. ನಿನ್ನ ಚಿತ್ರದಲ್ಲಿ ಅಬಟ್ ಕೈಲಿರೋದು ರಾಜದಂಡ ಅಲ್ಲ, ಜಗಳ ಎದ್ದ ಆ ಕೋಲಿನ ಬಗೆಯದು, ತುದಿ ಸುರುಳಿ ಸುತ್ತಿದ್ದು. ಚಿತ್ರ ಇರಲಿ, ಬರಹ ಬದಲಿಸು.

ರಘು: ನಾನು ಬರೆದದ್ದಲ್ಲ ಮಾರಾಯ್ತಿ, ಭಾವನ ಗುಂಪಿನಿಂದ ಬಂದದ್ದು.

ಪ್ರಸನ್ನ: ಅಲ್ಲಿಗೂ ಕಳಿಸು. ಆದ್ರೆ ಪಟ್ಟ ಅಮಾನತಿನ ಬಗ್ಗೆ ನಾನು ಹೇಳಿದ್ದು ಬಿಟ್ಟು ಕಳಿಸಬೇಡ.