'ಲೈಕ್ಲಿ ಟು' ಸರಿ, 'ಪಾಸಿಬಲ್ ಟು' ಯಾಕೆ ತಪ್ಪು?

ಪ್ರಶ್ನೆ:
'ಹಿ ಈಸ್ ಲೈಕ್ಲಿ ಟು ಕಮ್' ಸರಿಯಂತೆ, 'ಹಿ ಈಸ್ ಪಾಸಿಬಲ್ ಟು ಕಮ್' ತಪ್ಪಂತೆ. ಎರಡೂ ವಿಶೇಷಣಗಳೇ, ಅರ್ಥವೂ ಹತ್ತಿರ. ಯಾವುದರ ಮುಂದೆ 'ಟು', ಯಾವುದರ ಮುಂದೆ 'ದಟ್' ಅಂತ ತಿಳಿಯೋದು ಹೇಗೆ?

ಉತ್ತರ 1:
ಇಲ್ಲಿ 'ಪಾಸಿಬಲ್'ಗೆ 'ಇಟ್' ಬೇಕೇ ಬೇಕು. 'ಇಟ್ ಈಸ್ ಪಾಸಿಬಲ್ ದಟ್ ಹಿ ವಿಲ್ ಕಮ್' ಅಂದರೆ ಬಂದರೂ ಬರಬಹುದು. 'ಇಟ್ ಈಸ್ ಪಾಸಿಬಲ್ ಫಾರ್ ಹಿಮ್ ಟು ಕಮ್' ಅಂದರೆ ಬರಲು ಅವನಿಗೆ ಸಾಧ್ಯವಿದೆ. ಈ ಎರಡನ್ನು ಬೆರೆಸಬೇಡಿ. 'ಲೈಕ್ಲಿ', 'ಸರ್ಟನ್' ಥರದ ಕೆಲವು ಪದಗಳು ಮಾತ್ರ 'ಹಿ'ಯನ್ನು ವಾಕ್ಯದ ಮೊದಲಿಗೆ ತರಲು ಬಿಡುತ್ತವೆ. ಅರ್ಥ ನೋಡಿ ಊಹಿಸಿದರೆ ಕೈಕೊಡುತ್ತದೆ: 'ಪ್ರಾಬಬಲ್' ಕೂಡ 'ಲೈಕ್ಲಿ'ಯ ಹಾಗೇ, ಆದರೂ 'ಹಿ ಈಸ್ ಪ್ರಾಬಬಲ್ ಟು ಕಮ್' ತಪ್ಪು. ಹಾಗಾಗಿ ಪದ ಕಲಿಯುವಾಗಲೇ ಪೂರ್ತಿ ವಾಕ್ಯವನ್ನೂ ಕಲಿಯಿರಿ.

ಉತ್ತರ 2:
'ಈಸಿ', 'ಹಾರ್ಡ್' ಬಂದಾಗ ಇನ್ನೊಂದು ತಪ್ಪು ತುಂಬಾ ಕಾಣುತ್ತದೆ: 'ದಿಸ್ ಬುಕ್ ಈಸ್ ಈಸಿ ಟು ರೀಡ್ ಇಟ್'. ಕೊನೆಯ 'ಇಟ್' ತೆಗೆಯಿರಿ, ಓದುವುದು ಆ ಪುಸ್ತಕವನ್ನೇ ಅಲ್ಲವೇ? ಆದರೆ 'ದಿಸ್ ಚೇರ್ ಈಸ್ ಕಂಫರ್ಟಬಲ್ ಟು ಸಿಟ್ ಆನ್' ಅನ್ನುವಲ್ಲಿ 'ಆನ್' ಬಿಡುವ ಹಾಗಿಲ್ಲ.
'ಶಿ ಈಸ್ ಈಸಿ ಟು ಪ್ಲೀಸ್' ಅಂದರೆ ಅವಳನ್ನು ಮೆಚ್ಚಿಸುವುದು ಸುಲಭ. 'ಶಿ ಈಸ್ ಈಗರ್ ಟು ಪ್ಲೀಸ್' ಅಂದರೆ ಮೆಚ್ಚಿಸಲು ಹಾತೊರೆಯುವವಳು ಅವಳೇ. ರಚನೆ ಒಂದೇ, ಕೆಲಸ ಮಾಡುವವರು ಬೇರೆ.

ಉತ್ತರ 3:
'ಶೂರ್' ಬಗ್ಗೆಯೂ ಎಚ್ಚರ. 'ಹಿ ಈಸ್ ಶೂರ್ ಟು ವಿನ್' ಎಂಬಲ್ಲಿ ಖಾತ್ರಿ ಇರುವುದು ಹೇಳುವವರಿಗೆ. 'ಹಿ ಈಸ್ ಶೂರ್ ದಟ್ ಹಿ ವಿಲ್ ವಿನ್' ಎಂದರೆ ಖಾತ್ರಿ ಅವನಿಗೆ.