ಅಪ್‌ಡೇಟ್: ಅನಾನಸ್-ಸೀಗಡಿ ಫ್ರೈಡ್ ರೈಸ್ ಕೊನೆಗೂ ಉದುರುದುರಾಗಿ ಬಂತು

ಕ್ಯಾಂಟನೀಸ್ (ದಕ್ಷಿಣ ಚೀನಾದ) ಶೈಲಿಯ ಫ್ರೈಡ್ ರೈಸ್‌ಗೆ ಅನಾನಸ್ ಹಾಕಿದ ಕೂಡಲೇ ಅನ್ನ ಮುದ್ದೆಯಾಗುತ್ತೆ, ಏನು ಮಾಡ್ಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಅದು ಸರಿಹೋಯ್ತು. ನೀವು ಕೊಟ್ಟ ಸಲಹೆಗಳಲ್ಲಿ ಕೈಹಿಡಿದದ್ದು ಹಣ್ಣನ್ನ ಬೇರೆಯಾಗಿ ಹುರಿಯೋ ಸಲಹೆ. ಹೋಳುಗಳನ್ನ ಬಟ್ಟೆಯಲ್ಲಿ ಒತ್ತಿ ಒರೆಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಅಂಚು ಕಂದು ಬಣ್ಣಕ್ಕೆ ತಿರುಗೋವರೆಗೆ ಬಾಡಿಸಿ, ಒಲೆ ಆರಿಸೋ ಮುಂಚೆ ಅನ್ನಕ್ಕೆ ಸೇರಿಸಿದೆ. ರಾತ್ರಿ ಫ್ರಿಜ್‌ನಲ್ಲಿಟ್ಟ ಅನ್ನವೂ ಬೇಕು, ಆದ್ರೆ ಅದೊಂದರಿಂದಲೇ ಆಗಲ್ಲ. ಸೋಯಾ ಸಾಸ್ ಜಾಸ್ತಿ ಹಾಕಿ ಅಂದವರು ಬೇಜಾರಾಗಬೇಡಿ, ಅನ್ನ ಕಪ್ಪಾಗಿ ಇನ್ನಷ್ಟು ಒದ್ದೆಯಾಯ್ತು. ಉಪ್ಪು, ಬಿಳಿ ಮೆಣಸಿನ ಪುಡಿ, ಮೊಟ್ಟೆ, ಈರುಳ್ಳಿ ಸೊಪ್ಪು ಸಾಕು.

ಇನ್ನೊಂದು ಗೊತ್ತಾಯ್ತು: ಹಸಿ ಅನಾನಸ್‌ನಲ್ಲಿರೋ ಬ್ರೊಮೆಲೈನ್ ಅನ್ನೋ ಕಿಣ್ವ ಪ್ರೋಟೀನನ್ನ ಒಡೆಯುತ್ತೆ. ಹಸಿ ಹಣ್ಣನ್ನ ಸೀಗಡಿ ಜೊತೆ ನೆನೆಸಿಟ್ರೆ ಸೀಗಡಿ ಹಿಟ್ಟಿನಂತೆ ಮೆತ್ತಗಾಗುತ್ತೆ. ಡಬ್ಬಿ ಹಣ್ಣಿನಲ್ಲಿ ಈ ಕಾಟ ಇಲ್ಲ, ಬಿಸಿಗೆ ಕಿಣ್ವ ಸತ್ತಿರುತ್ತೆ. ಆದ್ರೆ ಸಿಹಿ ಜಾಸ್ತಿ, ನಾನಂತೂ ಹಸಿ ಹಣ್ಣೇ ಹಾಕ್ತೀನಿ.