ಕನೆಕ್ಷನ್ ಪೂಲ್ 100ಕ್ಕೆ ಏರಿಸಿದರೂ ಆ್ಯಪ್ ನಿಂತೇ ಹೋಗುತ್ತಿದೆ

ಪ್ರಶ್ನೆ:
ಸ್ಪ್ರಿಂಗ್ ಬೂಟ್ 3 (ಜಾವಾ ಫ್ರೇಮ್‌ವರ್ಕ್), ಹಿಕಾರಿ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ಲೈಬ್ರರಿ), ಮೈಎಸ್‌ಕ್ಯೂಎಲ್ 8. ಒಟ್ಟಿಗೆ ತುಂಬಾ ಜನ ಆರ್ಡರ್ ಹಾಕಿದರೆ ಸಾಕು, ಲಾಗಿನ್ ಪುಟ ಕೂಡ ತೆರೆಯೋದಿಲ್ಲ. ಲಾಗ್‌ನಲ್ಲಿ ‘ಕನೆಕ್ಷನ್ ಈಸ್ ನಾಟ್ ಅವೈಲಬಲ್’, ಪಕ್ಕದಲ್ಲಿ ಟೋಟಲ್ 10, ಆ್ಯಕ್ಟಿವ್ 10, ಐಡಲ್ 0. ಪೂಲ್ 100 ಮಾಡಿದೆವು. ಸರ್ವರ್ ಎರಡಿವೆ, ಈಗ ಮೈಎಸ್‌ಕ್ಯೂಎಲ್ ‘ಟೂ ಮೆನಿ ಕನೆಕ್ಷನ್ಸ್’ ಎನ್ನುತ್ತಿದೆ. ಡೇಟಾಬೇಸ್ ಸಿಪಿಯು ಮಾತ್ರ 5% ದಾಟೋದಿಲ್ಲ. ಆರ್ಡರ್ ಮೆಥಡ್ ಪೂರ್ತಿ ಒಂದೇ @ಟ್ರಾನ್ಸಾಕ್ಷನಲ್ (ಎಲ್ಲ ಸೇರಿ ಒಂದೇ ಡೇಟಾಬೇಸ್ ವಹಿವಾಟು ಎನ್ನುವ ಅನೋಟೇಶನ್) ಒಳಗಿದೆ: ಆರ್ಡರ್ ಸೇವ್, ಪೇಮೆಂಟ್ ಗೇಟ್‌ವೇಗೆ ಕರೆ (ಸುಮಾರು 3 ಸೆಕೆಂಡ್), ಸ್ಟೇಟಸ್ ಅಪ್‌ಡೇಟ್.

ಉತ್ತರ 1:
ಸಿಪಿಯು 5% ಅಂದಮೇಲೆ ಡೇಟಾಬೇಸ್‌ಗೆ ಕೆಲಸವೇ ಇಲ್ಲ. ಕನೆಕ್ಷನ್ ಹಿಡಿದುಕೊಂಡು ನೀವು ಗೇಟ್‌ವೇ ಬಾಗಿಲಲ್ಲಿ ಕಾಯುತ್ತಿದ್ದೀರಿ. ಒಂದು ಆರ್ಡರ್‌ಗೆ 3 ಸೆಕೆಂಡ್, ಕನೆಕ್ಷನ್ 10: ಒಂದು ಸರ್ವರ್‌ಗೆ ಸೆಕೆಂಡಿಗೆ ಮೂರು ಚಿಲ್ಲರೆ ಆರ್ಡರ್, ಅಷ್ಟೇ. ಉಳಿದವರು ಸಾಲಿನಲ್ಲಿ, ಅಲ್ಲೇ 30 ಸೆಕೆಂಡ್ ಕಳೆದರೆ ಎರರ್. ಇನ್ನು 100ರ ಕಥೆ: ಮಿನಿಮಮ್ ಐಡಲ್ (ಸಿದ್ಧವಾಗಿಡಬೇಕಾದ ಕನಿಷ್ಠ ಖಾಲಿ ಕನೆಕ್ಷನ್) ಬೇರೆ ಕೊಡದಿದ್ದರೆ ಹಿಕಾರಿ ಪೂಲನ್ನು ಪೂರ್ತಿ ತುಂಬಿಸಿಡುತ್ತದೆ. ಎರಡು ಸರ್ವರ್‌ಗೆ 200 ಆಯಿತು. ಮೈಎಸ್‌ಕ್ಯೂಎಲ್ ಡೀಫಾಲ್ಟ್ ಮಿತಿ 151. ಮೊದಲು 10ಕ್ಕೇ ಇಳಿಸಿ.

ಮೆಥಡ್ ಒಡೆಯಿರಿ. ಮೊದಲ ಟ್ರಾನ್ಸಾಕ್ಷನ್‌ನಲ್ಲಿ ಆರ್ಡರನ್ನು ‘ಪೆಂಡಿಂಗ್’ ಎಂದು ಸೇವ್ ಮಾಡಿ ಕಮಿಟ್. ಆಮೇಲೆ ಟ್ರಾನ್ಸಾಕ್ಷನ್ ಇಲ್ಲದೆ ಗೇಟ್‌ವೇ ಕರೆ. ಸ್ಟೇಟಸ್‌ಗೆ ಎರಡನೇ ಟ್ರಾನ್ಸಾಕ್ಷನ್. ಎಡವೋದು ಇಲ್ಲೇ: ಒಡೆದ ಮೆಥಡ್‌ಗಳನ್ನು ಅದೇ ಕ್ಲಾಸ್‌ನೊಳಗಿಂದ ಕರೆದರೆ ಸ್ಪ್ರಿಂಗ್‌ನ ಪ್ರಾಕ್ಸಿ (ಹೊರಗಿನಿಂದ ಬರುವ ಕರೆಗೆ ಟ್ರಾನ್ಸಾಕ್ಷನ್ ತೆರೆದುಕೊಡುವ ಮಧ್ಯವರ್ತಿ) ದಾರಿಗೇ ಬರೋದಿಲ್ಲ, ಅನೋಟೇಶನ್ ಬರೀ ಅಲಂಕಾರ. ಬೇರೆ ಬೀನ್‌ಗೆ (ಸ್ಪ್ರಿಂಗ್ ನಿರ್ವಹಿಸುವ ಬೇರೊಂದು ಆಬ್ಜೆಕ್ಟ್‌ಗೆ) ಹಾಕಿ, ಇಲ್ಲವೇ ಕೋಡ್‌ನಲ್ಲೇ ಟ್ರಾನ್ಸಾಕ್ಷನ್ ತೆರೆದು ಮುಚ್ಚುವ ಟ್ರಾನ್ಸಾಕ್ಷನ್ ಟೆಂಪ್ಲೇಟ್ ಬಳಸಿ.

ಇಷ್ಟು ಮಾಡಿಯೂ ಓಪನ್-ಇನ್-ವ್ಯೂ ಆನ್ ಇದ್ದರೆ ಶ್ರಮ ದಂಡ. ಬೂಟ್‌ನಲ್ಲಿ ಅದು ಡೀಫಾಲ್ಟ್ ಆಗಿಯೇ ಆನ್. ಆ್ಯಪ್ ಶುರುವಾಗುವಾಗ ಲಾಗ್‌ನಲ್ಲಿ ಬರುವ ವಾರ್ನಿಂಗ್ ಯಾರೂ ಓದೋದಿಲ್ಲ. ಅದರಿಂದಾಗಿ ಹೈಬರ್ನೇಟ್ (ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ) ಸೆಷನ್ ರಿಕ್ವೆಸ್ಟ್ ಮುಗಿಯುವವರೆಗೂ ತೆರೆದಿರುತ್ತದೆ, ಕಮಿಟ್ ಆದರೂ ಕನೆಕ್ಷನ್ ಅದರ ಕೈಯಲ್ಲೇ ಉಳಿಯುತ್ತದೆ. ಓಪನ್-ಇನ್-ವ್ಯೂ ಫಾಲ್ಸ್ ಮಾಡಿ.

ಉತ್ತರ 2:
ಮೇಲಿನದು ಸರಿ. ಗೇಟ್‌ವೇ ಕರೆಗೆ ಟೈಮ್‌ಔಟ್ ಇದೆಯೇ ನೋಡಿ. ನೀವಾಗಿ ಕೊಡದಿದ್ದರೆ ಗೇಟ್‌ವೇ ತೂಕಡಿಸಿದಾಗ ಟಾಮ್‌ಕ್ಯಾಟ್‌ನ (ರಿಕ್ವೆಸ್ಟ್ ಸ್ವೀಕರಿಸುವ ವೆಬ್ ಸರ್ವರ್) ಡೀಫಾಲ್ಟ್ 200 ಥ್ರೆಡ್‌ಗಳೂ ಅಲ್ಲೇ ಸಿಕ್ಕಿಕೊಳ್ಳಬಹುದು. ಕನೆಕ್ಟ್ 2, ರೀಡ್ 10 ಸೆಕೆಂಡ್‌ನಿಂದ ಶುರುಮಾಡಿ. ಆದರೆ ಟೈಮ್‌ಔಟ್ ಆಯಿತೆಂದರೆ ಪೇಮೆಂಟ್ ಫೇಲ್ ಎಂದು ಬರೆಯಬೇಡಿ, ಅತ್ತ ದುಡ್ಡು ಕಟ್ ಆಗಿರಬಹುದು. ‘ಪೆಂಡಿಂಗ್’ ಆಗಿಯೇ ಬಿಟ್ಟು, ಕೆಲವು ನಿಮಿಷಕ್ಕೊಮ್ಮೆ ಓಡುವ ಜಾಬ್ ಗೇಟ್‌ವೇಯಲ್ಲಿ ಸ್ಟೇಟಸ್ ವಿಚಾರಿಸಲಿ. ಆರ್ಡರ್ ಐಡಿಯನ್ನೇ ಐಡೆಂಪೊಟೆನ್ಸಿ ಕೀ (ಅದೇ ಕೋರಿಕೆ ಮತ್ತೆ ಬಂತೆಂದು ತಿಳಿಸುವ ಗುರುತು) ಮಾಡಿ ಕಳಿಸಿದರೆ ಮರುಪ್ರಯತ್ನದಲ್ಲಿ ಎರಡು ಸಲ ದುಡ್ಡು ಹೋಗೋದಿಲ್ಲ. ಗೇಟ್‌ವೇ ಅದನ್ನು ಒಪ್ಪಬೇಕು.

ಆಡಿಟ್ ಲಾಗ್‌ಗೆ ಎಲ್ಲಾದರೂ ‘ರಿಕ್ವೈರ್ಸ್ ನ್ಯೂ’ (ಹೊರಗಿನದನ್ನು ತಡೆಹಿಡಿದು ಹೊಸ ಟ್ರಾನ್ಸಾಕ್ಷನ್ ತೆರೆಯುವ ಆಯ್ಕೆ) ಹಾಕಿದ್ದೀರಾ? ಹಾಗಿದ್ದರೆ ಒಂದು ಥ್ರೆಡ್‌ಗೆ ಎರಡು ಕನೆಕ್ಷನ್ ಬೇಕು. ಹತ್ತು ಥ್ರೆಡ್ ಒಂದೊಂದು ಹಿಡಿದು ಎರಡನೆಯದಕ್ಕೆ ಕಾಯುತ್ತಾ ಕೂತರೆ ಯಾರೂ ಬಿಡುವವರಿಲ್ಲ. ಆ್ಯಪ್ ನಿಂತಾಗ ಜೆಸ್ಟ್ಯಾಕ್ (ಯಾವ ಥ್ರೆಡ್ ಎಲ್ಲಿ ನಿಂತಿದೆ ಎಂದು ತೋರಿಸುವ ಜಾವಾ ಸಾಧನ) ಓಡಿಸಿ: ಹೊರಗಿನ ಟ್ರಾನ್ಸಾಕ್ಷನ್ ಒಳಗಿದ್ದೂ ಹಿಕಾರಿಯ ಗೆಟ್ ಕನೆಕ್ಷನ್‌ನಲ್ಲಿ ನಿಂತ ಥ್ರೆಡ್‌ಗಳು ಕಂಡರೆ ಇದೇ ಕಾರಣ.

ಪ್ರಶ್ನೆ ಕೇಳಿದವರು:
ಓಪನ್-ಇನ್-ವ್ಯೂ ತೆಗೆದೆ, ಮೆಥಡ್ ಒಡೆದೆ. ಪೂಲ್ 10ರಲ್ಲೇ ಓಡುತ್ತಿದೆ. ಆದರೆ ಆರ್ಡರ್ ವಿವರದ ಪುಟದಲ್ಲಿ ಲೇಜಿ ಇನಿಶಿಯಲೈಸೇಶನ್ ಎಕ್ಸೆಪ್ಷನ್.

ಉತ್ತರ 1:
ಬರಲೇಬೇಕಿತ್ತು: ಸೆಷನ್ ಮುಚ್ಚಿದ ಮೇಲೆ ಪುಟ ಐಟಂಗಳನ್ನು ಕೇಳುತ್ತಿದೆ. ಈಜರ್ (ಸದಾ ಜೊತೆಗೇ ತರುವಂತೆ) ಮಾಡಲು ಹೋಗಬೇಡಿ. ಆ ಪುಟದ ಕ್ವೆರಿಯಲ್ಲಿ ಐಟಂಗಳನ್ನು ಜಾಯಿನ್ ಫೆಚ್ ಮಾಡಿ (ಆರ್ಡರ್ ಜೊತೆಗೇ ತಂದು), ಸರ್ವೀಸ್‌ನಲ್ಲೇ ಡಿಟಿಒಗೆ (ಡೇಟಾ ಒಯ್ಯುವ ಸರಳ ಆಬ್ಜೆಕ್ಟ್‌ಗೆ) ತುಂಬಿ ಕೊಡಿ. ಎರಡು ಲಿಸ್ಟ್‌ಗಳನ್ನು ಒಂದೇ ಕ್ವೆರಿಯಲ್ಲಿ ಫೆಚ್ ಮಾಡಿದರೆ ಮಲ್ಟಿಪಲ್ ಬ್ಯಾಗ್ ಫೆಚ್ ಎಕ್ಸೆಪ್ಷನ್ ಬರುತ್ತದೆ; ಎರಡನೆಯದಕ್ಕೆ ಬೇರೆ ಕ್ವೆರಿ ಬರೆಯಿರಿ.